ಕಿಟ್ ಬ್ಯಾಗ್ ಎಲ್ಲಿ ನಿಲ್ಲಬೇಕು? ಬೆಂಗಳೂರಿನ ಒಂದು ಲೀಗ್ ಮೈದಾನದ ಡ್ರೆಸ್ಸಿಂಗ್ ರೂಮ್ ಪ್ರಕರಣ

ಬೆಂಗಳೂರಿನ ಪಶ್ಚಿಮ ಅಂಚಿನ ಒಂದು ಕ್ರಿಕೆಟ್ ಮೈದಾನ. ವಾರದ ನಡುವೆ ಕ್ಲಬ್ ಲೀಗ್ ಪಂದ್ಯ, ಶನಿವಾರ ಭಾನುವಾರ ಕಂಪನಿಗಳ ಟೂರ್ನಿ, ಬೇಸಿಗೆ ರಜೆಯಲ್ಲಿ ಹುಡುಗರ ಪಂದ್ಯ, ನಡುನಡುವೆ ಮಹಿಳಾ ತಂಡಗಳು. ಪೆವಿಲಿಯನ್ನಿನಲ್ಲಿ ಅಕ್ಕಪಕ್ಕ ಎರಡು ಡ್ರೆಸ್ಸಿಂಗ್ ರೂಮು, ಒಂದೊಂದೂ 7.2 ಮೀಟರ್ ಉದ್ದ, 4.5 ಮೀಟರ್ ಅಗಲ. ಮೈದಾನದ ಕಡೆಗೆ ಉದ್ದಕ್ಕೂ ಕಿಟಕಿ, ಒಂದು ಅಡ್ಡಗೋಡೆಯಲ್ಲಿ ವರಾಂಡಕ್ಕೆ ಹೋಗುವ ಬಾಗಿಲು, ಇನ್ನೊಂದರಲ್ಲಿ ಶೌಚಾಲಯದ ಬಾಗಿಲು.

ಸಾಮಾನು ಇಡಲು ಇದ್ದದ್ದು ಆಫೀಸುಗಳಲ್ಲಿ ಕಾಣುವಂಥ 12 ಬಾಗಿಲಿನ ಸ್ಟೀಲ್ ಲಾಕರು. ಖಾನೆಯ ಅಗಲ 300 ಮಿ.ಮೀ., ಎತ್ತರ 450, ಆಳ 450. ಕ್ರಿಕೆಟ್ ನಿಯಮದ ಪ್ರಕಾರ ಬ್ಯಾಟು 96.5 ಸೆಂ.ಮೀ. ಉದ್ದದವರೆಗೂ ಇರಬಹುದು. ಅಂದರೆ ಈ ಲಾಕರಿನಲ್ಲಿ ಬ್ಯಾಟು ನಿಲ್ಲುವುದಿಲ್ಲ, ಮಲಗುವುದೂ ಇಲ್ಲ. ಪ್ಯಾಡಿನ ಜೋಡಿ ತುರುಕಿದರೆ ಬಾಗಿಲು ಹಾಕಲಾಗುವುದಿಲ್ಲ. ಕೊನೆಗೆ ಅದರಲ್ಲಿ ಉಳಿಯುತ್ತಿದ್ದದ್ದು ಯಾರೋ ಮರೆತು ಹೋದ ಕಾಲುಚೀಲ, ಖಾಲಿ ನೀರಿನ ಬಾಟಲು.

ಉಳಿದದ್ದೆಲ್ಲ ನೆಲದ ಮೇಲೆ. ಚಕ್ರದ ಕಿಟ್ ಬ್ಯಾಗ್ ಒಂದು ಸುಮಾರು 950 ಮಿ.ಮೀ. ಉದ್ದ, 380 ಅಗಲ. ಹದಿನೈದು ಬ್ಯಾಗು ಮಲಗಿದರೆ 5.4 ಚದರ ಮೀಟರ್ ಹೋಯಿತು. ಮುಚ್ಚಳ ಬಿಚ್ಚಿ ಪಕ್ಕಕ್ಕೆ ಹರವಿದರೆ ಅದರ ಎರಡರಷ್ಟು, 10.8. ಕೋಣೆಯ ಒಟ್ಟು ನೆಲ 32.4 ಚದರ ಮೀಟರ್. ಮೂರನೇ ಒಂದು ಪಾಲು ನೆಲ ಬ್ಯಾಗಿಗೇ ಹೋದಾಗ, ಸ್ಪೈಕ್ ಶೂ ಹಾಕಿಕೊಂಡ ಹನ್ನೊಂದು ಜನ ಉಳಿದ ಸಂದಿಯಲ್ಲಿ ಬ್ಯಾಗು ದಾಟಿ ದಾಟಿ ಓಡಾಡಬೇಕು. ಮುಗ್ಗರಿಸಿ ಬೀಳುವುದು, ಗೋಡೆಗೆ ಒರಗಿಸಿದ ಬ್ಯಾಟು ಜಾರಿ ಅಂಚು ಒಡೆಯುವುದು, ಒಬ್ಬನ ಗ್ಲೌಸ್ ಇನ್ನೊಬ್ಬನ ಬ್ಯಾಗ್ ಸೇರುವುದು, ಎಲ್ಲಕ್ಕೂ ಮೂಲ ಈ ಲೆಕ್ಕದಲ್ಲೇ ಇದೆ.

ಕ್ಲಬ್ಬಿನವರ ಬೇಡಿಕೆ ಸರಳವಾಗಿತ್ತು: ದೊಡ್ಡ ಲಾಕರು ಹಾಕಿಕೊಡಿ, ಬೀಗ ಇರಲಿ. ಅದನ್ನು ಹಾಗೆಯೇ ಒಪ್ಪಿಕೊಳ್ಳಲಿಲ್ಲ. ಇದು ಒಂದೇ ತಂಡದ ಸ್ವಂತ ಕೋಣೆಯಲ್ಲ, ದಿನಕ್ಕೊಂದು ತಂಡ ಬಂದು ಹೋಗುವ ಜಾಗ. ಬೆಳಿಗ್ಗೆ ಎಂಟಕ್ಕೆ ಬಂದವರು ಸಂಜೆ ಆರಕ್ಕೆ ಎಲ್ಲವನ್ನೂ ಹೊತ್ತುಕೊಂಡು ಹೋಗಬೇಕು. ಬಾಗಿಲಿದ್ದ ಕಡೆ ಮರೆತ ವಸ್ತು ಕಾಣುವುದಿಲ್ಲ, ಒದ್ದೆ ವಸ್ತು ಒಣಗುವುದಿಲ್ಲ. ಬೀಗ ಬೇಕಾದದ್ದು ಫೋನು, ಪರ್ಸು, ಗಾಡಿ ಕೀಲಿಗೆ ಮಾತ್ರ. ಹಾಗಾಗಿ ಬಾಗಿಲಿಲ್ಲದ ತೆರೆದ ಗೂಡು, ಒಳಗೆ ಒಂದು ಗೇಣು ಅಗಲದ ಬೀಗದ ಡಬ್ಬಿ ಎಂದು ತೀರ್ಮಾನವಾಯಿತು. ಇಡೀ ಪ್ರಕರಣದಲ್ಲಿ ಅತಿ ಮುಖ್ಯವಾದ ತೀರ್ಮಾನ ಇದೇ. ಮುಂದಿನ ಅಳತೆಗಳೆಲ್ಲ ಇದರ ಹಿಂದೆಯೇ ಬಂದವು.

ಮೊದಲ ನಕ್ಷೆ ಏಕೆ ಬಿತ್ತು

ಮೊದಲು ಬರೆದದ್ದು ಟಿವಿಯಲ್ಲಿ ಕಾಣುವ ದೊಡ್ಡ ಕ್ರೀಡಾಂಗಣಗಳ ಮಾದರಿ: ಪ್ರತಿ ಆಟಗಾರನಿಗೂ ಒಂದು ಕುರ್ಚಿಯಂಥ ಗೂಡು, 450 ಮಿ.ಮೀ. ಎತ್ತರದಲ್ಲಿ ಆಸನ, ಅದರ ಕೆಳಗೆ ಬ್ಯಾಗು. ಕಾಗದದ ಮೇಲೆ ಚೆನ್ನಾಗಿ ಕಂಡಿತು. ಮರಕ್ಕೆ ಕೈ ಹಾಕುವ ಮೊದಲು ಹಳೆಯ ಫ್ರಿಜ್ ಪೆಟ್ಟಿಗೆಗಳ ರಟ್ಟಿನಿಂದ ಮೂರು ಗೂಡು ಕಟ್ಟಿ, ಒಂದು ಪಂದ್ಯದ ದಿನ ಕೋಣೆಯಲ್ಲಿಟ್ಟು ನೋಡಲಾಯಿತು.

ಆಸನದ ಕೆಳಗೆ ತಳ್ಳಿದ 950ರ ಬ್ಯಾಗು 600 ಆಳದ ಗೂಡಿನಿಂದ 350 ಮಿ.ಮೀ. ಹೊರಗೇ ಉಳಿಯಿತು. ಮೊಣಕಾಲು ಎಲ್ಲಿರಬೇಕೋ ಅಲ್ಲಿ ಬ್ಯಾಗಿನ ಚಕ್ರ. ಆಳವನ್ನು 1000ಕ್ಕೆ ಏರಿಸಿದರೆ ಮೂರು ಗೋಡೆಯೂ ಸೇರಿ ಕೋಣೆಯ ಅರ್ಧದಷ್ಟು ನುಂಗುತ್ತದೆ. ಬ್ಯಾಗನ್ನು ಅಡ್ಡ ಇಡೋಣವೆಂದರೆ ಗೂಡಿನ ಅಗಲ ಒಂದು ಮೀಟರ್ ಆಗಬೇಕು, ಆಗ ಹದಿನೈದು ಗೂಡು ಹಿಡಿಯುವುದೇ ಇಲ್ಲ. ಮಧ್ಯಾಹ್ನದ ಊಟದ ಹೊತ್ತಿಗೆ ಆಟಗಾರರೇ ದಾರಿ ತೋರಿಸಿದರು: ರಟ್ಟಿನ ಆಸನ ಕಿತ್ತುಹಾಕಿ, ಬ್ಯಾಗುಗಳನ್ನು ಚಕ್ರದ ಮೇಲೆ ನೆಟ್ಟಗೆ ನಿಲ್ಲಿಸಿಬಿಟ್ಟಿದ್ದರು.

ಬ್ಯಾಗು ನಿಂತರೆ ಅದಕ್ಕೆ ಬೇಕಾದ ನೆಲ 380ಕ್ಕೆ 380. ಆಸನ ಗೂಡಿನೊಳಗೆ ಬೇಡ, ನಡುವೆ ಬೆಂಚು ಸಾಕು. ನಕ್ಷೆ ಇಲ್ಲಿಂದ ಹೊಸದಾಗಿ ಶುರುವಾಯಿತು.

ಗೂಡಿನ ಅಳತೆ

ಒಂದು ಗೂಡಿನ ಒಳ ಅಗಲ 600 ಮಿ.ಮೀ., ಆಳ 600. ನೆಲದಿಂದ 100 ಮಿ.ಮೀ. ಮೇಲೆ ಪೈಪಿನ ಚೌಕಟ್ಟು, ಅದರ ಮೇಲೆ 2000 ಮಿ.ಮೀ. ಎತ್ತರದ ಹಲಗೆ. ಕೆಳಭಾಗವನ್ನು 12 ಮಿ.ಮೀ. ಪ್ಲೈವುಡ್ಡಿನ ಒಂದು ನಿಲುವು ಹಲಗೆ ಎರಡು ಮಾಡುತ್ತದೆ: ಎಡಕ್ಕೆ 410 ಅಗಲದ ಬ್ಯಾಗಿನ ಜಾಗ, ಬಲಕ್ಕೆ 178 ಅಗಲದ ಬ್ಯಾಟಿನ ಜಾಗ. ಬ್ಯಾಟಿನ ಅಗಲ ನಿಯಮದಂತೆ 10.8 ಸೆಂ.ಮೀ. ಮೀರುವುದಿಲ್ಲ, 2017ರ ನಿಯಮ ದಪ್ಪವನ್ನೂ 6.7 ಸೆಂ.ಮೀ.ಗೆ ಕಟ್ಟಿಹಾಕಿದೆ. ಹಾಗಾಗಿ ಮೂರು ಬ್ಯಾಟು ಒಂದರ ಹಿಂದೊಂದು ಆರಾಮಾಗಿ ನಿಲ್ಲುತ್ತವೆ. ಹಿಡಿಕೆಯ ಎತ್ತರದಲ್ಲಿ ಅಡ್ಡಕ್ಕೆ ರಬ್ಬರ್ ಕೊಳವೆ ತೊಡಿಸಿದ ಸಣ್ಣ ಸರಳು; ಬ್ಯಾಟು ಬ್ಯಾಟಿಗೆ ತಾಗುವುದಿಲ್ಲ.

ಬ್ಯಾಟಿನ ಟೋ, ಅಂದರೆ ನೆಲಕ್ಕೆ ತಾಗುವ ಕೆಳತುದಿಯ ಬಗ್ಗೆ ಇಲ್ಲಿ ಸ್ವಲ್ಪ ನಿಲ್ಲಬೇಕು. ವಿಲ್ಲೋ ಮರದ ತುದಿಯಲ್ಲಿ ನಾರಿನ ಬಾಯಿ ತೆರೆದಿರುತ್ತದೆ. ನೀರು ಅಲ್ಲಿಂದ ಮೇಲೇರಿ, ತುದಿ ಉಬ್ಬಿ, ಒಣಗುವಾಗ ಸೀಳುತ್ತದೆ. ಬೆಳಿಗ್ಗೆ ಕೋಣೆ ಒರೆಸಿದ ಹತ್ತು ನಿಮಿಷಕ್ಕೆ ತಂಡ ಬರುತ್ತದೆ, ಆ ಒದ್ದೆ ನೆಲದ ಮೇಲೆ ಬ್ಯಾಟು ಊರಿದರೆ ಸಾಕು. ಅದಕ್ಕೇ ಬ್ಯಾಟಿನ ಜಾಗದ ತಳ ಹಲಗೆಯಲ್ಲ, ಪಟ್ಟಿ ಪಟ್ಟಿಯ ಚೌಕಟ್ಟಿನ ಮೇಲೆ ತೂತಿರುವ 10 ಮಿ.ಮೀ. ರಬ್ಬರ್ ಹಾಸು. ಬೆರಳಿಂದ ಒತ್ತಿದರೆ ತೂತಿನ ಕೆಳಗೆ ಗಾಳಿ ಆಡುವುದು ಗೊತ್ತಾಗಬೇಕು. ಅಂಗಡಿಯಲ್ಲಿ ಸಿಗುವ ಕಾರ್ಪೆಟ್ ತುಂಡು ಹಾಕುವ ಸಲಹೆ ಬಂದಿತ್ತು. ಕಾರ್ಪೆಟ್ ನೀರು ಹಿಡಿದುಕೊಂಡು ಅದನ್ನೇ ಟೋಗೆ ಕೊಡುತ್ತದೆ, ಬೇಡವೇ ಬೇಡ.

ಬ್ಯಾಗು, ಬ್ಯಾಟಿನ ಮೇಲೆ ನೆಲದಿಂದ 1140ರಲ್ಲಿ ತಟ್ಟೆಯಂಥ ಹಲಗೆ: ಗ್ಲೌಸು, ಥೈ ಪ್ಯಾಡು, ಗಾರ್ಡು. ಇದಕ್ಕೆ 20 ಮಿ.ಮೀ. ಅಗಲದ ಸೀಳುಗಳನ್ನು ಕೊರೆಯಬೇಕು, ಇಲ್ಲದಿದ್ದರೆ ಅಡಿಯ ಗಾಳಿ ಮೇಲೆ ಬರುವುದಿಲ್ಲ. ಅದರ ಹಿಂಬದಿ ಮೂಲೆಯಲ್ಲಿ ಬೀಗದ ಡಬ್ಬಿ, 250 ಅಗಲ, 200 ಆಳ, 150 ಎತ್ತರ, ಅವರವರೇ ತಂದ ಬೀಗ ಹಾಕಲು ಕೊಂಡಿ. ಕ್ಲಬ್ಬಿನವರೇ ಕೀಲಿ ಕೊಟ್ಟರೆ ಮೂರು ತಿಂಗಳಲ್ಲಿ ಅರ್ಧ ಕೀಲಿ ಇರುವುದಿಲ್ಲ. 1830ರಲ್ಲಿ ಹೆಲ್ಮೆಟ್ಟಿನ ಹಲಗೆ. ಅದರ ಮೇಲೆ ಮುಚ್ಚಿಗೆ ಇಲ್ಲ.

ತಟ್ಟೆಗೂ ಹೆಲ್ಮೆಟ್ ಹಲಗೆಗೂ ನಡುವೆ ಸಿಗುವುದು 690 ಮಿ.ಮೀ. ಮಾತ್ರ. ಕೊಕ್ಕೆಗೆ ಹಾಕಿದ ದೊಡ್ಡವರ ಅಂಗಿಯ ಅಂಚು ತಟ್ಟೆಗೆ ತಾಗಿ ಮಡಚಿಕೊಳ್ಳುತ್ತದೆ. ಇದು ಕೊರತೆಯೇ. ಹೆಲ್ಮೆಟ್ಟನ್ನು ಇನ್ನೂ ಮೇಲೇರಿಸಿದರೆ ಹುಡುಗರ ಕೈಗೆ ಎಟುಕುವುದಿಲ್ಲ, ಬ್ಯಾಗಿನ ಜಾಗ ಇಳಿಸಿದರೆ ದೊಡ್ಡ ಬ್ಯಾಗು ನಿಲ್ಲುವುದಿಲ್ಲ. ಅಂಗಿಗೆ ಸುಕ್ಕಾದರೂ ಪರವಾಗಿಲ್ಲ ಎಂದು ಒಪ್ಪಿಕೊಳ್ಳಲಾಯಿತು. ಆಫೀಸಿನಿಂದ ನೇರ ಬರುವವರ ಇಸ್ತ್ರಿ ಬಟ್ಟೆಗೆಂದು ಬಾಗಿಲ ಬಳಿ ಹ್ಯಾಂಗರ್ ಹಾಕುವ ಒಂದು ಉದ್ದ ಸರಳು ಬೇರೆ ಇದೆ.

ಕೊಕ್ಕೆಗಳು ಪ್ರತಿ ಗೂಡಿಗೆ ನಾಲ್ಕು, ಎರಡು 1700ರಲ್ಲಿ, ಎರಡು 1400ರಲ್ಲಿ. ಕೆಳಗಿನ ಜೋಡಿ ಹದಿನಾಲ್ಕರ ಹುಡುಗರಿಗೆ. ಕೊಕ್ಕೆಯನ್ನು ಮರದ ತಿರುಪಿನಿಂದ ಕೂರಿಸಬಾರದು. ಒದ್ದೆ ಪ್ಯಾಡು, ಟವೆಲು, ಅದರ ಮೇಲೆ ಯಾರೋ ಕೈ ಹಾಕಿ ಜೋತು ಬಿದ್ದರೆ ಪ್ಲೈವುಡ್ಡಿನಿಂದ ತಿರುಪು ಪದರ ಸಮೇತ ಕಿತ್ತು ಬರುತ್ತದೆ. ಹಲಗೆಯ ಆಚೆ ಈಚೆ ದಾಟುವ 6 ಮಿ.ಮೀ. ಬೋಲ್ಟು, ಹಿಂದೆ ಅಗಲ ವಾಷರು. ಒಂದೇ ಬೋಲ್ಟು ಎರಡು ಗೂಡಿನ ಕೊಕ್ಕೆ ಹಿಡಿಯುತ್ತದೆ.

ಹದಿನೈದು ಹೇಗೆ ಕೂತವು

ಪ್ರತಿ ಗೂಡು ಹಲಗೆ ಸೇರಿ 618 ಮಿ.ಮೀ. ಉದ್ದ ಗೋಡೆಗೆ ಒಂಬತ್ತು: ಒಂಬತ್ತು ಬಾರಿ 618, ಕೊನೆಯ ಹಲಗೆ 18, ಒಟ್ಟು 5580. ಎರಡೂ ಮೂಲೆಯಲ್ಲಿ 810 ಉಳಿಯಿತು. ಅಡ್ಡಗೋಡೆಗಳಿಗೆ ಮೂರು ಮೂರು, ತಲಾ 1872. ಮೂಲೆಯವರೆಗೂ ಗೂಡು ತುಂಬಿಸುವ ಆಸೆ ಎಲ್ಲರಿಗೂ ಬರುತ್ತದೆ, ಆದರೆ ಮೂಲೆಯ ಎರಡು ಗೂಡುಗಳ ಮುಖ ಒಂದಕ್ಕೊಂದು ಅಡ್ಡ ಬಂದು ಎರಡೂ ಕೆಲಸಕ್ಕೆ ಬಾರದಂತಾಗುತ್ತವೆ. ಆದ್ದರಿಂದ ಅಡ್ಡಗೋಡೆಯ ಗೂಡು ಮೂಲೆಯಿಂದ 1300 ಬಿಟ್ಟೇ ಶುರು. ಕೊನೆಗೆ 1328 ಉಳಿಯುತ್ತದೆ, ಬಾಗಿಲಿಗೆ ಅದು ಸಾಕು. ಮೂಲೆಗಳಲ್ಲಿ ಒಂದು ಒಣಗಿಸುವ ಕಪಾಟು, ಇನ್ನೊಂದು ತಂಡದ ಸಾಮಾನಿನ ಕಪಾಟು: ಚೆಂಡು, ಸ್ಟಂಪು, ಕೀಪರ್ ಪ್ಯಾಡು, ಪ್ರಥಮ ಚಿಕಿತ್ಸೆ, ಐಸ್ ಡಬ್ಬ.

ಈ ಕಪಾಟಿಗೆ ಮೊದಲು ಒಂದೇ ಬಾಗಿಲು ಎಣಿಸಲಾಗಿತ್ತು. ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು, 810ರ ಹಗ್ಗ ಹಿಡಿದು ಬಾಗಿಲು ತೆರೆಯುವ ದಾರಿ ತಿರುಗಿಸಿದರೆ ಅದು ಅಡ್ಡಗೋಡೆಯ ಮೊದಲ ಗೂಡಿಗೆ ಬಡಿಯಿತು. 405ರ ಎರಡು ರೆಕ್ಕೆ ಮಾಡಿದ ಮೇಲೆ ಸರಿಹೋಯಿತು. ಕಂಪ್ಯೂಟರಿನ ನಕ್ಷೆಯಲ್ಲಿ ಯಾರ ಕಣ್ಣಿಗೂ ಬೀಳದ ತಪ್ಪು ಸೀಮೆಸುಣ್ಣಕ್ಕೆ ಸಿಕ್ಕಿತು.

ಗೂಡುಗಳನ್ನು ಗೋಡೆಗೆ ಅಂಟಿಸಿಲ್ಲ. ಹಿಂದೆ 50 ಮಿ.ಮೀ. ಸಂದು, ಹಿಂಬದಿಗೆ ಹಲಗೆಯೇ ಇಲ್ಲ. ಗಾಳಿ ಕೆಳಗಿನ 100 ಮಿ.ಮೀ. ತೆರಪಿನಿಂದ ಒಳಬಂದು ಹಿಂದಿನಿಂದ ಮೇಲೇರುತ್ತದೆ. ಅದೇ 100 ಮಿ.ಮೀ.ನಲ್ಲಿ ಮಾಪು ನುಗ್ಗುತ್ತದೆ, ಗೆದ್ದಲು ಬಂದರೆ ಕಣ್ಣಿಗೆ ಬೀಳುತ್ತದೆ. ಎತ್ತರದ ಹಗುರ ಗೂಡು ಮುಂದಕ್ಕೆ ಮಗುಚಬಾರದು, ಅದಕ್ಕೆ ಪ್ರತಿ ಹಲಗೆಗೂ ಮೇಲೆ ಒಂದು ಎಲ್ ಪಟ್ಟಿ, ಗೋಡೆಗೆ ಆಂಕರ್ ಬೋಲ್ಟು. ಮಕ್ಕಳು ಹತ್ತುತ್ತಾರೆ, ಇದನ್ನು ಬಿಡುವಂತಿಲ್ಲ.

ಶೀಟಿನ ಲೆಕ್ಕ

ಪ್ಲೈವುಡ್ ಶೀಟು ಎಂಟಡಿ ನಾಲ್ಕಡಿ, ಅಂದರೆ 2440 ಮತ್ತು 1220. ಗರಗಸದ ಬಾಯಿ 4 ಮಿ.ಮೀ. ತಿನ್ನುವುದನ್ನು ಕಳೆದರೆ ಅಗಲದಲ್ಲಿ 608ರ ಎರಡು ತುಂಡು. ಗೂಡಿನ ಆಳ 600 ಆದದ್ದು ಇದರಿಂದಲೇ. 620 ಅಂದಿದ್ದರೆ ಪ್ರತಿ ಶೀಟಿನಲ್ಲಿ ಅರ್ಧ ಹಾಳು. ಒಂದು ಕೋಣೆಗೆ ನಿಲುವು ಹಲಗೆ 18 (ಉದ್ದ ಗೋಡೆಗೆ 10, ಅಡ್ಡಗೋಡೆಗೆ ನಾಲ್ಕು ನಾಲ್ಕು), ಅಂದರೆ ಒಂಬತ್ತು ಶೀಟು. ಪ್ರತಿ ಶೀಟಿನಲ್ಲೂ 2000 ಕೊಯ್ದ ಮೇಲೆ ಉಳಿಯುವ 436ರ ಪಟ್ಟಿಯಲ್ಲಿ 600 ಉದ್ದದ ಎರಡು ತುಂಡು ಬರುತ್ತವೆ. ಹೆಲ್ಮೆಟ್ ಹಲಗೆಗೆ ಅಷ್ಟು ಆಳ ಧಾರಾಳ. ಬೇಕಾದದ್ದು 15, ಸಿಕ್ಕಿದ್ದು 18. ನಡುವಿನ ತಟ್ಟೆಗಳಿಗೆ ಇನ್ನೆರಡು ಶೀಟು. ಒಟ್ಟು 18 ಮಿ.ಮೀ. ಶೀಟು 11, ಬ್ಯಾಟಿನ ವಿಭಜಕಕ್ಕೆ 12 ಮಿ.ಮೀ. ಶೀಟು 4. ಎರಡೂ ಕೋಣೆಗೆ ಇದರ ದುಪ್ಪಟ್ಟು. ಮೂಲೆ ಕಪಾಟುಗಳದ್ದು ಬೇರೆ. ಎದುರಾಳಿ ತಂಡದ ಕೋಣೆಗೆ ಕಡಿಮೆ ದರ್ಜೆಯದ್ದು ಹಾಕಿ ಉಳಿಸುವ ಮಾತು ಬಂದಾಗ ಒಪ್ಪಲಿಲ್ಲ. ಬಂದವರು ಅತಿಥಿಗಳು, ಎರಡೂ ಕೋಣೆ ಒಂದೇ ಥರ ಇರಬೇಕು.

ಹಲಗೆ ಐಎಸ್ 710 ಎಂಬ ಭಾರತೀಯ ಮಾನದಂಡದ ಮುದ್ರೆಯ, ನೀರು ತಾಳುವ ಮರೀನ್ ಪ್ಲೈವುಡ್. ಮರದ ನಾರು, ಚೂರು ಒತ್ತಿ ಮಾಡಿದ ಎಂಡಿಎಫ್, ಪಾರ್ಟಿಕಲ್ ಬೋರ್ಡ್ ಈ ಕೆಲಸಕ್ಕೆ ಬೇಡ. ಬೆವರು, ಮಳೆ, ಮಾಪಿನ ನೀರು ಸೇರಿ ಒಂದು ಮಳೆಗಾಲದಲ್ಲಿ ಅಂಚು ಬಿಸ್ಕತ್ತಿನಂತೆ ಉಬ್ಬುತ್ತದೆ. ಮುದ್ರೆ ಇದ್ದರೂ ಒಂದು ತುಂಡನ್ನು ಕುದಿಯುವ ನೀರಿನಲ್ಲಿ ಹಾಕಿ ಪದರ ಬಿಡುತ್ತದೆಯೇ ಎಂದು ನೋಡಿಯೇ ಲೋಡ್ ಇಳಿಸಿಕೊಳ್ಳಬೇಕು. ಕೊಯ್ದ ಪ್ರತಿ ಅಂಚಿಗೂ, ಕೊರೆದ ತೂತಿನ ಒಳಗೂ, ಎರಡು ಕೋಟು ಸೀಲರ್. ನೀರು ಒಳಹೋಗುವುದು ಮುಖದಿಂದಲ್ಲ, ಅಂಚಿನಿಂದ.

ಕೆಲಸದಲ್ಲಿ ತಪ್ಪಿದ್ದು

ನಕ್ಷೆ ಮಿಲಿಮೀಟರಿನಲ್ಲಿತ್ತು. ಬಡಗಿಯ ಟೇಪು, ಬಾಯಿ ಎರಡೂ ಅಡಿ ಇಂಚಿನವು. "ಆರುನೂರು ಅಂದ್ರೆ ಎರಡಡಿ ತಾನೆ ಸಾರ್?" ಎಂದು ಕೇಳಿದ್ದಕ್ಕೆ ಅಲ್ಲಿದ್ದ ಮೇಸ್ತ್ರಿ "ಹ್ಞೂಂ, ಅಷ್ಟೇ ಮಾಡಪ್ಪ" ಎಂದುಬಿಟ್ಟರು. ಎರಡಡಿ ಎಂದರೆ 610. ಒಂದು ಗೂಡಿಗೆ 10 ಮಿ.ಮೀ., ಒಂಬತ್ತಕ್ಕೆ 90. ಮೂಲೆಯ ಕಪಾಟುಗಳು 810ರಿಂದ 765ಕ್ಕೆ ಇಳಿದವು, ಆಗಲೇ ಕೊಯ್ದಿದ್ದ ಬಾಗಿಲ ರೆಕ್ಕೆಗಳು ಹಿಡಿಯಲಿಲ್ಲ. ಅಡ್ಡ ಹಲಗೆಗಳನ್ನು ಬಿಚ್ಚಿ ಮತ್ತೆ ಕೊಯ್ಯಬೇಕಾಯಿತು. ಎರಡನೇ ಕೋಣೆಗೆ ನಕ್ಷೆ ಕೊಡಲಿಲ್ಲ, ನಿಖರವಾಗಿ 600 ಇರುವ ಒಂದು ಮರದ ಕೋಲು ಕೊಟ್ಟರು. ಕೋಲಿಗೆ ಹಿಡಿದು ಕೊಯ್ದದ್ದು ಒಂದೂ ತಪ್ಪಲಿಲ್ಲ.

ತಿರುಪಿನದ್ದು ಇನ್ನೊಂದು ಕಥೆ. ಬಡಗಿಗಳ ಚೀಲದಲ್ಲಿ ಸದಾ ಇರುವುದು ಜಿಪ್ಸಂ ಸೀಲಿಂಗಿನ ಕಪ್ಪು ತಿರುಪು. ಒಣ ಕೋಣೆಗೆ ಅದು ನಡೆಯುತ್ತದೆ, ಬೆವರಿನ ಉಪ್ಪಿಗೆ ನಡೆಯುವುದಿಲ್ಲ. ಆರು ವಾರದಲ್ಲಿ ಹೆಲ್ಮೆಟ್ ಹಲಗೆಯ ಕೆಳಗೆ ಕಂದು ಕಲೆ ಇಳಿದು ಬಿಳಿ ಅಂಗಿಗಳಿಗೆ ಅಂಟಿತು. ಎಲ್ಲವನ್ನೂ 304 ಸ್ಟೇನ್‌ಲೆಸ್ ತಿರುಪಿಗೆ ಬದಲಾಯಿಸಲಾಯಿತು. ಕೆಳಗಿನ ಚೌಕಟ್ಟು 40ಕ್ಕೆ 40ರ ಜಿಐ, ಅಂದರೆ ಸತು ಲೇಪಿಸಿದ ಕಬ್ಬಿಣದ, ಚೌಕ ಪೈಪು. ವೆಲ್ಡಿಂಗ್ ಮಾಡಿದ ಕಡೆ ಸತುವಿನ ಲೇಪ ಸುಟ್ಟುಹೋಗುತ್ತದೆ, ತುಕ್ಕು ಹಿಡಿಯುವುದು ಅಲ್ಲೇ ಮೊದಲು. ವೆಲ್ಡ್ ಉಜ್ಜಿ, ಸತುವಿನ ಬಣ್ಣ ಬಳಿದು, ಆಮೇಲೆಯೇ ಮೇಲಿನ ಬಣ್ಣ. ವೆಲ್ಡರ್ ಈ ನಡುವಿನ ಹಂತ ಹಾರಿಸಿದ್ದಾನೆಯೇ ಎಂದು ಪೈಪಿನ ಕೆಳಮುಖಕ್ಕೆ ಕನ್ನಡಿ ಹಿಡಿದು ನೋಡಬೇಕು.

ಒದ್ದೆ ಸಾಮಾನು

ಬೆಂಗಳೂರಿನಲ್ಲಿ ಜೂನ್, ಜುಲೈನ ತುಂತುರಿಗಿಂತ ಕಷ್ಟ ಕೊಡುವುದು ಸೆಪ್ಟೆಂಬರ್, ಅಕ್ಟೋಬರಿನ ಸಂಜೆ ಮಳೆ. ಹತ್ತು ನಿಮಿಷದಲ್ಲಿ ಎಲ್ಲರೂ ತೊಯ್ದು ಒಳಗೆ ನುಗ್ಗುತ್ತಾರೆ. ಒದ್ದೆ ಪ್ಯಾಡು ಬ್ಯಾಗಿನೊಳಗೆ ಹೋದರೆ ಮರುದಿನ ಮುಗ್ಗಲು ವಾಸನೆ, ನಾಲ್ಕನೇ ದಿನ ಪಟ್ಟಿಯ ಮಡಿಕೆಯಲ್ಲಿ ಬೂಷ್ಟು.

ಒಣಗಿಸುವ ಕಪಾಟು 810 ಅಗಲ, 600 ಆಳ, 2100 ಎತ್ತರ, ಸುಮಾರು ಒಂದು ಘನ ಮೀಟರು. ಬಾಗಿಲ ಕೆಳಗೆ ಜಾಲರಿ, ಮೇಲೆ 6 ಇಂಚಿನ ಎಕ್ಸಾಸ್ಟ್ ಫ್ಯಾನು, ಗಾಳಿ ನೇರ ಕಟ್ಟಡದ ಹೊರಗೆ. ಒಳಗೆ ಎರಡು ಮಜಲು: ಪ್ಯಾಡಿಗೆ ಅಡ್ಡ ಸರಳು, ಬಾಗಿಲ ಒಳಮುಖದಲ್ಲಿ ಗ್ಲೌಸಿಗೆ 24 ಗೂಟ. ಗೂಟ ಮೇಲ್ಮುಖವಾಗಿ ಓರೆಯಾಗಿರಬೇಕು, ಗ್ಲೌಸಿನ ಬಾಯಿ ಕೆಳಗೆ ಬರಬೇಕು. ಬೆವರು ಬೆರಳ ತುದಿಯಲ್ಲಿ ನಿಲ್ಲದೆ ಇಳಿಯುತ್ತದೆ. ಹೀಟರ್ ಹಾಕಿ ಎಂದು ಒತ್ತಾಯ ಬಂತು. ಹಾಕಲಿಲ್ಲ. ಬಿಸಿಗೆ ಗ್ಲೌಸಿನ ಅಂಗೈ ಚರ್ಮ ಒಣ ರೊಟ್ಟಿಯಾಗುತ್ತದೆ, ಶೂವಿನ ಅಂಟು ಬಿಡುತ್ತದೆ, ಯಾರಾದರೂ ಬ್ಯಾಟು ತಂದಿಟ್ಟರೆ ಅದು ಬಿರುಕು ಬಿಡುತ್ತದೆ.

ಫ್ಯಾನು ರಾತ್ರಿಯಿಡೀ ಓಡಿಸಿದರೂ ಬೆಳಿಗ್ಗೆ ಗ್ಲೌಸು ತಣ್ಣಗೆ ಒದ್ದೆಯೇ ಇರುತ್ತಿತ್ತು. ಮಳೆಗಾಲದ ರಾತ್ರಿ, ಬೆಳಗಿನ ಜಾವ ಹೊರಗಿನ ಗಾಳಿಯೇ ತೇವದಿಂದ ತುಂಬಿರುತ್ತದೆ. ಅದನ್ನೇ ಒಳಗೆ ಎಳೆದರೆ ಒಣಗುವುದೆಂತು? ಮಧ್ಯಾಹ್ನ ತೇವ ಇಳಿಯುತ್ತದೆ. ಟೈಮರನ್ನು ಬೆಳಿಗ್ಗೆ 11ರಿಂದ ಸಂಜೆ 6ಕ್ಕೆ ಬದಲಾಯಿಸಿದರು. ಊಟಕ್ಕೆ ಬಂದವರ ಗ್ಲೌಸು ಚಹಾ ವಿರಾಮದ ಹೊತ್ತಿಗೆ ಬಹುಪಾಲು ಒಣಗತೊಡಗಿತು. ಸಂಜೆ ಮಳೆಯಲ್ಲಿ ನೆನೆದದ್ದಕ್ಕೆ ಈ ಕಪಾಟು ಉತ್ತರವಲ್ಲ, ಅದು ಮನೆಯಲ್ಲಿ ಫ್ಯಾನಿನಡಿ ಒಣಗಬೇಕು ಎಂದು ಬಾಗಿಲ ಮೇಲೆ ಬರೆದು ಅಂಟಿಸಲಾಗಿದೆ.

ಶೂ ಕೋಣೆಯೊಳಗೆ ಇಡುವ ಸಾಮಾನಲ್ಲ. ವರಾಂಡದಲ್ಲಿ 3.6 ಮೀಟರ್ ಉದ್ದದ ಎರಡು ಮಜಲಿನ ಓರೆ ಸರಳುಗಳು, ಜೋಡಿಗೆ 240 ಮಿ.ಮೀ. ಲೆಕ್ಕದಲ್ಲಿ 30 ಜೋಡಿ. ಕೆಂಪು ಮಣ್ಣು ಕೆಳಗಿನ ತಟ್ಟೆಗೆ ಬೀಳುತ್ತದೆ, ತಟ್ಟೆ ಎಳೆದು ತೊಳೆಯಬಹುದು. ತಟ್ಟೆ ಇಲ್ಲದಿದ್ದರೆ ಆ ಮಣ್ಣು ಚರಂಡಿ ಸೇರಿ ಪೈಪು ಕಟ್ಟುತ್ತದೆ. ಸ್ಪೈಕ್ ಹಾಕಿಕೊಂಡು ಒಳಗೆ ಬರುವವರು ಇದ್ದೇ ಇರುತ್ತಾರೆ; ಬಾಗಿಲಿಂದ ಬೆಂಚಿನವರೆಗೆ ಟೈಲ್ಸ್ ಮೇಲೆ ರಬ್ಬರ್ ಹಾಸು ಅದಕ್ಕೇ.

ಮುಂದಿನ ಬ್ಯಾಟರ್ ಕೂರುವ ಜಾಗ

ಕಿಟಕಿಯ ಬದಿ, ಬಾಗಿಲಿಗೆ ಎರಡು ಹೆಜ್ಜೆ ದೂರದಲ್ಲಿ, ಎರಡು ಆಸನ ಮಾತ್ರ ಬೇರೆ. ಮುಂದಿನ ಇಬ್ಬರು ಪ್ಯಾಡ್ ಕಟ್ಟಿ ಇಲ್ಲಿ ಕೂರುತ್ತಾರೆ. ಪಕ್ಕದಲ್ಲಿ ಬ್ಯಾಟಿನ ಕವೆ, ಹೆಲ್ಮೆಟ್ಟಿನ ಗೂಟ, ಗ್ಲೌಸಿನ ತಟ್ಟೆ, ಎಲ್ಲವೂ ಕೂತಲ್ಲಿಂದ ಕೈಗೆಟುಕುವಂತೆ. ವಿಕೆಟ್ ಬಿದ್ದ ಮೂರು ನಿಮಿಷದಲ್ಲಿ ಮುಂದಿನವ ಆಡಲು ಸಿದ್ಧನಾಗಿರಬೇಕು ಎನ್ನುತ್ತದೆ ನಿಯಮ 40. ಏಕದಿನ ವಿಶ್ವಕಪ್ಪಿನಲ್ಲಿ ಅದು ಎರಡೇ ನಿಮಿಷವಿತ್ತು. 2023ರ ನವೆಂಬರ್ 6ರಂದು ದೆಹಲಿಯಲ್ಲಿ ಹೆಲ್ಮೆಟ್ಟಿನ ಪಟ್ಟಿ ಕಿತ್ತುಹೋಗಿ ಶ್ರೀಲಂಕಾದ ಏಂಜೆಲೊ ಮ್ಯಾಥ್ಯೂಸ್ ಟೈಮ್ಡ್ ಔಟ್ ಆದದ್ದು ನೆನಪಿರಬಹುದು, ಅಂತರರಾಷ್ಟ್ರೀಯ ಕ್ರಿಕೆಟ್ಟಿನಲ್ಲಿ ಅದೇ ಮೊದಲು. ಹಾಗಾಗಿ ಈ ಮೂಲೆಯಲ್ಲಿ ಮೂರನೇ ಗೂಟವೂ ಇದೆ, ತಂಡದ ಒಂದು ಹೆಚ್ಚುವರಿ ಹೆಲ್ಮೆಟ್ಟಿಗೆ. ಅದರ ಪಟ್ಟಿಯನ್ನು ಟಾಸಿಗೆ ಮೊದಲು ಎಳೆದು ನೋಡುವುದು ಹನ್ನೆರಡನೆಯವನ ಕೆಲಸ.

ನಡುವೆ 2.1 ಮೀಟರ್ ಉದ್ದ, 400 ಅಗಲ, 450 ಎತ್ತರದ ಎರಡು ಬೆಂಚು. ಮಹಿಳಾ ತಂಡಗಳು ಹೇಳಿದ ಮೇಲೆ ಸೇರಿಸಿದ್ದು ಶೌಚಾಲಯದ ಬಾಗಿಲ ಪಕ್ಕದ ಬಟ್ಟೆ ಬದಲಿಸುವ ಮರೆ: ಒಂದು ಮೀಟರ್ ಚೌಕ, ಒಳಗೆ ಮೂರು ಕೊಕ್ಕೆ, ಸಣ್ಣ ಹಲಗೆ. ಇದು ಮೊದಲ ನಕ್ಷೆಯಲ್ಲೇ ಇರಬೇಕಿತ್ತು. ಕೊನೆಯಲ್ಲಿ ಸೇರಿಸಿದ್ದರಿಂದ ಹ್ಯಾಂಗರ್ ಸರಳು 1200ರಿಂದ 800ಕ್ಕೆ ಇಳಿಯಿತು.

ಮೊದಲ ಮಳೆಗಾಲ ಕಳೆದ ಮೇಲೆ ನೋಡಿದಾಗ ಎರಡು ಕಡೆ ಕೆಲಸ ಬಾಕಿ ಇತ್ತು. ಬ್ಯಾಗಿನ ಚಕ್ರ ದಿನಾ ಉಜ್ಜುವ ಜಾಗದಲ್ಲಿ ಹಲಗೆಯ ಕೆಳ ಅಂಚಿನ ಸೀಲರ್ ಸವೆದು ಮರ ಕಾಣುತ್ತಿತ್ತು. ಅಲ್ಲಿ 50 ಮಿ.ಮೀ. ಅಗಲದ ಅಲ್ಯೂಮಿನಿಯಂ ಪಟ್ಟಿ ಹೊಡೆಯಲಾಯಿತು. ಇನ್ನೊಂದು ಗೂಡಿನ ನಂಬರು. ಹಲಗೆಯ ನೆತ್ತಿಯ ಮೇಲೆ ಬರೆದಿದ್ದರು, ಬ್ಯಾಗು ಹೊತ್ತು ತಲೆ ತಗ್ಗಿಸಿ ಬರುವವನಿಗೆ ಅದು ಕಾಣುತ್ತಿರಲಿಲ್ಲ. ಈಗ 1140ರ ತಟ್ಟೆಯ ಮುಂದಂಚಿಗೆ ಇಳಿದಿದೆ, ಕಪ್ಪು ಬಣ್ಣದಲ್ಲಿ, ಒಂದರಿಂದ ಹದಿನೈದರವರೆಗೆ. ಸಂಜೆ ಕೋಣೆಗೆ ಬೀಗ ಹಾಕುವ ಮಾಲಿ ಬಾಗಿಲಲ್ಲೇ ನಿಂತು ಹದಿನೈದನ್ನೂ ನೋಡುತ್ತಾರೆ. ಏನಾದರೂ ಉಳಿದಿದ್ದರೆ ಗೂಡಿನ ನಂಬರು ಹೇಳಿ ತಂಡದ ಕ್ಯಾಪ್ಟನ್ನಿಗೆ ಫೋನು ಮಾಡುತ್ತಾರೆ.